ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣ ಏನು ಹೇಳುತ್ತದೆ?

ಕೀಟನಾಶಕ ಕೊಳ್ಳುವಾಗ ಬೆಲೆ ಕೇಳುವವರು ಹೆಚ್ಚು, ಡಬ್ಬಿಯ ಮೇಲಿನ ಚೀಟಿ ಓದುವವರು ಕಡಿಮೆ. ಆದರೆ ಸಿಂಪಡಿಸುವವನ ಪ್ರಾಣಕ್ಕೆ ಸಂಬಂಧಪಟ್ಟ ಸಂಗತಿಗಳು ಇರುವುದು ಆ ಚೀಟಿಯಲ್ಲೇ.

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸಾಗಣೆಯ ಕಾಲದಲ್ಲಿ ಗೋಧಿ ಹಿಟ್ಟಿಗೆ ತಗುಲಿ, ಅದನ್ನು ತಿಂದ ನೂರಕ್ಕೂ ಹೆಚ್ಚು ಜನರು ಸಾವಿಗೀಡಾದರು. ಈ ದುರಂತದ ನಂತರ 1968ರಲ್ಲಿ ಕೀಟನಾಶಕ ಕಾಯಿದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ಪ್ರತಿ ಡಬ್ಬಿಯ ಮೇಲೂ ವಿಷದ ತೀವ್ರತೆಯನ್ನು ತೋರಿಸುವ ಗುರುತು ಇರಬೇಕೆಂದು ಈ ನಿಯಮಗಳು ವಿಧಿಸಿದವು.

ನಾಲ್ಕು ಬಣ್ಣಗಳು

ಚೀಟಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದಂತಹ ಒಂದು ಚೌಕವಿರುತ್ತದೆ. ಅದರ ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಮಾತು, ಕೆಳಗಿನ ಅರ್ಧದಲ್ಲಿ ಬಣ್ಣ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ಒಂದು ಕಿಲೋ ದೇಹತೂಕಕ್ಕೆ ಎಷ್ಟು ಮಿಲಿಗ್ರಾಂ ವಿಷ ಹೊಟ್ಟೆಗೆ ಹೋಗಬೇಕು ಎಂಬುದು ಈ ವಿಂಗಡಣೆಯ ಒಂದು ಮುಖ್ಯ ಆಧಾರ. ಈ ಅಂಕಿ ಚಿಕ್ಕದಾದಷ್ಟೂ ವಿಷ ಉಗ್ರ.

1. ಕೆಂಪು: 1ರಿಂದ 50 ಮಿ.ಗ್ರಾಂ. ಅತ್ಯಂತ ವಿಷಕಾರಿ. ತಲೆಬುರುಡೆ ಮತ್ತು ಅಡ್ಡ ಮೂಳೆಗಳ ಚಿತ್ರ, ಜೊತೆಗೆ ಕೆಂಪಕ್ಷರದಲ್ಲಿ ‘ವಿಷ’. ಇಲಿ ಪಾಷಾಣವಾದ ಜಿಂಕ್ ಫಾಸ್ಫೈಡ್ ಈ ಗುಂಪಿನದು.

2. ಹಳದಿ: 51ರಿಂದ 500 ಮಿ.ಗ್ರಾಂ. ಹೆಚ್ಚು ವಿಷಕಾರಿ. ಇಲ್ಲಿಯೂ ಕೆಂಪಕ್ಷರದಲ್ಲಿ ‘ವಿಷ’. ಉದಾಹರಣೆ: ಕ್ಲೋರ್‌ಪೈರಿಫಾಸ್.

3. ನೀಲಿ: 501ರಿಂದ 5000 ಮಿ.ಗ್ರಾಂ. ಸಾಧಾರಣ ವಿಷಕಾರಿ. ‘ಅಪಾಯ’ ಎಂಬ ಮಾತು. ಉದಾಹರಣೆ: ಮೆಲಾಥಿಯಾನ್.

4. ಹಸಿರು: 5000 ಮಿ.ಗ್ರಾಂ.ಗಿಂತ ಹೆಚ್ಚು. ಅಲ್ಪ ವಿಷಕಾರಿ. ‘ಎಚ್ಚರಿಕೆ’ ಎಂಬ ಮಾತು. ಉದಾಹರಣೆ: ಶಿಲೀಂಧ್ರನಾಶಕ ಮ್ಯಾಂಕೋಜೆಬ್.

ತಪ್ಪು ತಿಳಿವಳಿಕೆ

ಕೆಂಪು ಗುರುತಿನ ಔಷಧಿಯೇ ಹುಳುವಿಗೆ ಹೆಚ್ಚು ಪರಿಣಾಮಕಾರಿ ಎಂದು ಕೆಲವರು ಭಾವಿಸುವುದುಂಟು. ಇದು ಸರಿಯಲ್ಲ. ಬಣ್ಣ ತಿಳಿಸುವುದು ಮನುಷ್ಯನಿಗಿರುವ ಅಪಾಯವನ್ನೇ ಹೊರತು ಕೀಟವನ್ನು ಕೊಲ್ಲುವ ಶಕ್ತಿಯನ್ನಲ್ಲ. ಹಾಗೆಯೇ ಹಸಿರು ಎಂದರೆ ನಿರಪಾಯಕಾರಿ ಎಂದೂ ಅರ್ಥವಲ್ಲ. ಬಹಳ ಕಾಲ ಮೈಗೆ ಸೋಕುವುದರಿಂದ ಆಗುವ ಕೇಡನ್ನಾಗಲಿ, ಜೇನುನೊಣ ಮತ್ತು ಮೀನುಗಳಿಗೆ ಆಗುವ ಹಾನಿಯನ್ನಾಗಲಿ ಈ ಬಣ್ಣ ತಿಳಿಸದು. ಆದ್ದರಿಂದ ಯಾವ ಬಣ್ಣದ್ದಾದರೂ ಬರಿಗೈಯಲ್ಲಿ ಕಲಸಬಾರದು, ಗಾಳಿಗೆ ಎದುರಾಗಿ ಸಿಂಪಡಿಸಬಾರದು.

ಚೀಟಿಯನ್ನು ಕಾಪಾಡಿ

ಔಷಧಿಯನ್ನು ಬೇರೆ ಸೀಸೆಗೆ ಸುರಿದಿಡುವುದು ಬಹು ಅಪಾಯಕರ. ಸೀಸೆ ಬದಲಾದರೆ ಬಣ್ಣವೂ ಹೋಯಿತು, ಹೆಸರೂ ಹೋಯಿತು. ಮಕ್ಕಳು ಅದನ್ನು ಪಾನಕವೆಂದೇ ಕುಡಿದಾರು. ಬಿಡಿಯಾಗಿ ಅಳೆದು ಕೊಡುವ ಔಷಧಿಯನ್ನು ಕೊಳ್ಳಲೇಬಾರದು. ಕೊಳ್ಳುವಾಗ ನೋಂದಣಿ ಸಂಖ್ಯೆ, ತಯಾರಿಕೆಯ ತಂಡದ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ನೋಡಬೇಕು. ಒಳಗಿರುವ ಕರಪತ್ರದಲ್ಲಿ ಬಳಕೆಯ ಕ್ರಮ, ವಿಷವೇರಿದ ಲಕ್ಷಣಗಳು, ಪ್ರಥಮ ಚಿಕಿತ್ಸೆ, ಪ್ರತಿವಿಷ ಇವೆಲ್ಲ ಇರುತ್ತವೆ. ಸಿಂಪರಣೆಗೆ ಮೊದಲೇ ಅದನ್ನು ಓದಬೇಕು. ಓದು ಬಾರದ ಕೂಲಿಯಾಳುಗಳಿಗೆ ಓದಿ ಹೇಳಬೇಕು.

ಯಾರಿಗಾದರೂ ವಿಷ ತಗುಲಿದರೆ ಔಷಧಿ ಬಿದ್ದ ಬಟ್ಟೆ ಕಳಚಿ, ಮೈಯನ್ನು ಸೋಪು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪ್ರಜ್ಞೆ ತಪ್ಪಿದವರಿಗೆ ಬಾಯಿಯಿಂದ ಏನನ್ನೂ ಕೊಡಬಾರದು, ವಾಂತಿ ಮಾಡಿಸಬಾರದು. ಜೊತೆಗೆ ಆ ಡಬ್ಬಿಯನ್ನೋ ಕರಪತ್ರವನ್ನೋ ಮರೆಯದೆ ಕೊಂಡೊಯ್ಯಬೇಕು. ಯಾವ ವಿಷವೆಂದು ತಿಳಿದರೆ ವೈದ್ಯರು ತಕ್ಕ ಚಿಕಿತ್ಸೆಯನ್ನು ಬೇಗ ಆರಂಭಿಸಬಲ್ಲರು.