‘ಇದು ಸರಿ ಕೂರ್ತಾ ಇಲ್ಲ ಸಾರ್’: ವಿಮಾನ ರಿಪೇರಿಯಲ್ಲಿ ಸುರಕ್ಷತೆ ಅಂದರೆ ಏನು?

ರಜೆಗೆ ಊರಿಗೆ ಹೊರಡುವಾಗ ಲಗೇಜನ್ನು ಹತ್ತು ಸಲ ತೂಗಿ ನೋಡುತ್ತೇವೆ. ಆ ವಿಮಾನದ ಬೋಲ್ಟ್ ಬಿಗಿ ಮಾಡಿದವನು ಎಷ್ಟು ಗಂಟೆಯಿಂದ ಡ್ಯೂಟಿಯಲ್ಲಿದ್ದ ಅಂತ ಯಾರೂ ಕೇಳುವುದಿಲ್ಲ. ಗಲ್ಫ್‌ನ ಹ್ಯಾಂಗರ್‌ಗಳಲ್ಲಿ ನಮ್ಮ ಊರಿನ ಹುಡುಗರೂ ಇದ್ದಾರೆ. ಅಲ್ಲಿಂದ ಕೆನಡಾ ಕಡೆ ಮುಖ ಮಾಡಿದವರೂ ಇದ್ದಾರೆ. ಅವರಿಗೂ, ಅವರ ಮನೆಯವರಿಗೂ ಟೊರೊಂಟೊದಿಂದ ಹೊರಟ ಒಂದು ವಿಮಾನದ ವಿಷಯ ಗೊತ್ತಿರಬೇಕು.

2001ರ ಆಗಸ್ಟ್ 23ರ ರಾತ್ರಿ ಏರ್ ಟ್ರಾನ್ಸಾಟ್ 236 ಟೊರೊಂಟೊ ಪಿಯರ್ಸನ್‌ನಿಂದ ಲಿಸ್ಬನ್‌ಗೆ ಹೊರಟಿತು. ಏರ್‌ಬಸ್ ಎ330, ಒಳಗೆ 306 ಜನ. ಅಟ್ಲಾಂಟಿಕ್ ಸಮುದ್ರದ ಮೇಲೆ ಇಂಧನ ಪೂರ್ತಿ ಖಾಲಿಯಾಗಿ ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಶೆ ಮತ್ತು ಸಹ ಪೈಲಟ್ ಡರ್ಕ್ ಡಿ ಯಾಗರ್ ಎಂಜಿನ್ ಇಲ್ಲದೆ ಸುಮಾರು 19 ನಿಮಿಷ ವಿಮಾನವನ್ನು ತೇಲಿಸಿಕೊಂಡು ಹೋಗಿ ಅಜೋರ್ಸ್ ದ್ವೀಪದ ಲಾಜೆಸ್ ವಾಯುನೆಲೆಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ಪೈಲಟ್‌ಗಳ ಸಾಹಸದ ಬಗ್ಗೆ ಬೇಕಾದಷ್ಟು ಬಂದಿದೆ. ಸೋರಿಕೆಯನ್ನು ಅವರು ಬೇಗ ಗುರುತಿಸಲಿಲ್ಲ, ಸೋರುವ ಕಡೆಗೇ ಇನ್ನೊಂದು ಕಡೆಯ ಇಂಧನ ಹರಿಸಿದರು ಅನ್ನುವುದೂ ತನಿಖೆಯಲ್ಲಿದೆ. ನಮಗೆ ಬೇಕಾದ್ದು ಅದಕ್ಕೂ ಕೆಲವು ದಿನ ಹಿಂದಿನದು. ಮಾಂಟ್ರಿಯಲ್ ಹತ್ತಿರದ ಮಿರಾಬೆಲ್‌ನಲ್ಲಿ ಆ ವಿಮಾನದ ಬಲಗಡೆ ಎಂಜಿನ್ ಬದಲಾಯಿಸಿದ್ದರು. ಎರವಲು ಬಂದ ಎಂಜಿನ್ ಹಳೇ ಮಾದರಿಯದು, ಹೈಡ್ರಾಲಿಕ್ ಪಂಪ್ ಬಿಚ್ಚಿದ ಎಂಜಿನ್‌ನಿಂದ ತೆಗೆದ ಹೊಸ ಮಾದರಿಯದು. ಎರಡೂ ಹೊಂದಿಕೊಳ್ಳಲಿಲ್ಲ. ಮಾರ್ಪಾಡಿನ ವಿವರ ಇರುವ ಸರ್ವಿಸ್ ಬುಲೆಟಿನ್ ಇದೆ ಅಂತ ಮೆಕ್ಯಾನಿಕ್‌ಗಳಿಗೆ ಗೊತ್ತಾಯಿತು, ಆದರೆ ಕಂಪ್ಯೂಟರ್‌ನಲ್ಲಿ ಅದನ್ನು ತೆರೆಯಲು ಆಗಲಿಲ್ಲ. ವಾರಾಂತ್ಯ ಬೇರೆ. ವಿಮಾನ ಹೊರಡುವ ವೇಳೆ ಹತ್ತಿರ, ಹ್ಯಾಂಗರ್ ಖಾಲಿ ಮಾಡಿಕೊಡಬೇಕು. ಫೋನ್‌ನಲ್ಲಿ ಮೇಲಿನವರನ್ನು ಕೇಳಿ ಇಂಧನದ ಕೊಳವೆ ಬದಲಾಯಿಸಿದರು. ಹೈಡ್ರಾಲಿಕ್ ಕೊಳವೆ ಹಳೆಯದೇ ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು ನಡುವೆ ಸ್ವಲ್ಪ ಜಾಗ ಮಾಡಿ ಬಿಗಿದರು. ಒತ್ತಡ ಬಂದಾಗ ಅದು ವಾಪಸ್ ಸರಿದು ಇಂಧನದ ಕೊಳವೆಗೆ ತಾಗಿ ಉಜ್ಜಿತು, ಕೊಳವೆ ಬಿರುಕು ಬಿಟ್ಟಿತು.

ಇದರಲ್ಲಿ ಕುಡಿದವರು, ಕಳ್ಳರು, ಸೋಮಾರಿಗಳು ಯಾರೂ ಇಲ್ಲ ನೋಡಿ. ನಾವು ನೀವು ಸೈಟಿನಲ್ಲಿ, ವರ್ಕ್‌ಶಾಪಿನಲ್ಲಿ ದಿನಾ ನೋಡುವ ಸಂಗತಿಗಳೇ: ಸರಿಯಾದ ಕಾಗದ ಕೈಗೆ ಸಿಗಲ್ಲ, ಟೈಮ್ ಇಲ್ಲ, ಮೇಲಿನವರು ‘ಮಾಡಿ’ ಅಂದಿದ್ದಾರೆ. ಟ್ರಾನ್ಸ್‌ಪೋರ್ಟ್ ಕೆನಡಾದಲ್ಲಿದ್ದ ಗಾರ್ಡನ್ ಡುಪಾಂಟ್ 1993ರಲ್ಲೇ ಇಂಥ 12 ಕಾರಣಗಳ ಪಟ್ಟಿ ಮಾಡಿದ್ದರು. ‘ಡರ್ಟಿ ಡಜನ್’ ಅಂತ ಅದರ ಹೆಸರು. ಗಲ್ಫ್‌ನ ಹ್ಯಾಂಗರ್‌ನಲ್ಲಿ ಕೆಲಸ ಮಾಡುವವರು ಇದರ ಪೋಸ್ಟರ್ ನೋಡಿರಬಹುದು. ಸುಸ್ತು, ಅವಸರ, ಗಮನ ಬೇರೆ ಕಡೆ ಹೋಗುವುದು, ‘ಇಲ್ಲಿ ಎಲ್ಲರೂ ಹೀಗೇ ಮಾಡೋದು’ ಅನ್ನುವ ರೂಢಿ ಎಲ್ಲಾ ಅದರಲ್ಲಿವೆ. ನನ್ನ ಮಟ್ಟಿಗೆ ಅದರಲ್ಲಿ ಅತಿ ಕಷ್ಟದ್ದು ಬಾಯಿ ಬಿಟ್ಟು ಹೇಳಲು ಆಗದಿರುವುದು. ವೀಸಾ ಕಂಪನಿಯ ಕೈಯಲ್ಲಿರುವವನಿಗೆ ‘ಸಾರ್, ಇದು ಸರಿ ಕೂರ್ತಾ ಇಲ್ಲ’ ಅನ್ನುವುದು ಸುಲಭದ ಮಾತಲ್ಲ.

ಹೇಳಿದರೂ ಕೇಳುವವರು ಬೇಕಲ್ಲ. ದುಬೈಯಿಂದ ಬಂದ ನಮ್ಮವರ ವಿಮಾನ 2010ರ ಮೇ 22ರಂದು ಮಂಗಳೂರಿನ ಕೆಂಜಾರಿನಲ್ಲಿ ಬಿದ್ದು 158 ಜನ ಹೋದರು. ಅದು ರಿಪೇರಿಯ ತಪ್ಪಲ್ಲ. ಆದರೆ ಇಳಿಯಬೇಡಿ, ಮತ್ತೆ ಮೇಲೇರಿ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದರು ಅಂತ ತನಿಖಾ ವರದಿಯೇ ಹೇಳುತ್ತದೆ.

ಕೆನಡಾ 2005ರಲ್ಲಿ ಈ ಕೇಳಿಸಿಕೊಳ್ಳುವ ಕೆಲಸವನ್ನೇ ಕಾನೂನು ಮಾಡಿತು. ದೊಡ್ಡ ವಿಮಾನ ಕಂಪನಿಗಳೂ ಅವುಗಳ ರಿಪೇರಿ ವಿಭಾಗಗಳೂ ‘ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್’ ಇಟ್ಟುಕೊಳ್ಳಲೇಬೇಕು. ಹೆಸರು ಭಾರೀ, ವಿಷಯ ಸರಳ: ಅಪಾಯ ಕಂಡವನು ಬರೆದು ಕೊಡಬೇಕು, ಕಂಪನಿ ಕಾರಣ ಹುಡುಕಿ ಸರಿಪಡಿಸಬೇಕು, ಸರಿ ಆಯಿತೋ ಅಂತ ಮತ್ತೆ ನೋಡಬೇಕು. ಯಾರ ಕೈ ತಪ್ಪಿತು ಅನ್ನುವುದಕ್ಕಿಂತ ಯಾಕೆ ತಪ್ಪಿತು ಅನ್ನುವುದು ಮೊದಲು.

ಪಿಯರ್ಸನ್ ಏರ್‌ಪೋರ್ಟ್ ಇರುವ ಮಿಸಿಸಾಗಾ ಕಡೆ ಹ್ಯಾಂಗರ್ ಕೆಲಸಕ್ಕೆ ಹೋಗುವವರು ಇದನ್ನು ದಿನದ ಕೆಲಸದಲ್ಲೇ ಕಾಣುತ್ತಾರೆ. ಶಿಫ್ಟ್ ಮುಗಿದಾಗ ಪ್ರತಿ ಸ್ಪ್ಯಾನರ್ ಎಣಿಸಿ ಅದರದ್ದೇ ಗುಂಡಿಯಲ್ಲಿ ಇಡಬೇಕು. ಒಂದು ಕಮ್ಮಿ ಬಂದರೆ ಹುಡುಕಾಟ ಶುರು. ಎಂಜಿನ್ ಕಂಟ್ರೋಲ್, ಫ್ಲೈಟ್ ಕಂಟ್ರೋಲ್ ಮುಟ್ಟಿದ ಕೆಲಸವನ್ನು ಮಾಡಿದವನಲ್ಲದೆ ಇನ್ನೊಬ್ಬ ನೋಡಿ ಸಹಿ ಹಾಕಬೇಕು. ಅರ್ಧಕ್ಕೆ ನಿಂತ ಕೆಲಸವನ್ನು ಮುಂದಿನ ಶಿಫ್ಟ್‌ಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಬೇಕು.

ಇನ್ನೊಂದು ವಿಷಯ ನಮ್ಮವರಿಗೆ ಯಾರೂ ಹೇಳಿಕೊಡುವುದಿಲ್ಲ. ತನ್ನ ತಪ್ಪನ್ನು ತಾನೇ ವರದಿ ಮಾಡಿದವನಿಗೆ ಯಾವ ಸಂದರ್ಭದಲ್ಲಿ ಶಿಕ್ಷೆ ಇಲ್ಲ ಎಂಬುದನ್ನು ಆ ಕಂಪನಿಗಳು ಲಿಖಿತ ನೀತಿಯಲ್ಲಿ ಹೇಳಿರಬೇಕು ಅಂತ ಕೆನಡಾದ ನಿಯಮ ಹೇಳುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಆ ಕಾಗದ ಕೇಳಿ ಓದಿ. ಬೇಕೆಂದೇ ಮಾಡಿದ್ದಕ್ಕೆ ಅದು ರಕ್ಷಣೆ ಕೊಡುವುದಿಲ್ಲ. ಆದರೆ ರಾತ್ರಿ ಮೂರು ಗಂಟೆಗೆ ಎರಡು ಕೊಳವೆ ಒಂದಕ್ಕೊಂದು ತಾಗುವುದು ಕಂಡರೆ ಯಾರಿಗೆ ಬರೆಯಬೇಕು, ಬರೆದರೆ ಏನಾಗುತ್ತದೆ ಅನ್ನುವುದು ಅದರಲ್ಲಿರುತ್ತದೆ.