ಕಿರ್ದಿ ಪುಸ್ತಕ ಹೋಯ್ತು, ಮೊಬೈಲು ಬಂತು!

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪೇಟೆಗಳಲ್ಲಿ ಗಲ್ಲಾಪೆಟ್ಟಿಗೆ ಮೇಲೀಗ ಕಿರ್ದಿ ಪುಸ್ತಕಕ್ಕಿಂತ ಮೊಬೈಲಿಗೇ ಗತ್ತು ಜಾಸ್ತಿ. ಯಾರ ಉದ್ರಿ ಎಷ್ಟು, ಒಳಗೆ ಸಕ್ಕರೆ ಎಷ್ಟು ಚೀಲ, ಎಲ್ಲ ಅದರಲ್ಲೇ. ಬೆಂಗಳೂರಿನ ಖಾತಾಬುಕ್, ವ್ಯಾಪಾರ್ ಆ್ಯಪುಗಳು ಇರುವುದೇ ಇದಕ್ಕೆ. 'ಅಡಿಕೆ ಮಾರಿದ ಮೇಲೆ ಕೊಡ್ತೀನಿ ಮಾರಾಯ್ರೆ' ಎಂದವರಿಗೆ ಬಾಕಿಯ ನೆನಪನ್ನೂ ಅದೇ ಕಳಿಸುತ್ತದೆ. ಅಂಗಡಿಯವರು ನಿಷ್ಠುರ ಕಟ್ಟಿಕೊಳ್ಳುವ ಪ್ರಮೇಯವಿಲ್ಲ!

ಆದರೆ 2025ರ ಜುಲೈ ನೆನಪಿದೆಯೇ? ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಬೋರ್ಡು ಬಿತ್ತು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ತರಕಾರಿ ಮಾರುವವರಿಗೆ ಈ ತಾಪತ್ರಯವಿಲ್ಲ. ಬಿಸ್ಕತ್ತು, ಸೋಪನ್ನೂ ಇಟ್ಟವರ ಗತಿ? ಬಂದ ದುಡ್ಡಿನಲ್ಲಿ ತರಕಾರಿಯದೆಷ್ಟು, ಸೋಪಿನದೆಷ್ಟು, ಭಾವ ವಾಪಸು ಕೊಟ್ಟ ಕೈಸಾಲವೆಷ್ಟು, ಬ್ಯಾಂಕಿನ ಪಾಸ್‌ಬುಕ್ಕು ಬಿಡಿಸಿ ಹೇಳುವುದಿಲ್ಲ. ಸಾಮಾನುವಾರು ಬಿಲ್ಲು ಬರೆದ ಮೊಬೈಲು ಹೇಳುತ್ತದೆ. ಆದರೆ ದಿನಾ ಬರೆಯುವವರೆಷ್ಟು ಮಂದಿ ಸ್ವಾಮಿ?

ಇನ್ನು ನಮ್ಮ ಮಳೆಗಾಲ. ಕರೆಂಟು ಹೋದರೆ ಹಿಂದೆಯೇ ಸಿಗ್ನಲ್ಲೂ ಹೋಯ್ತು. ಮೊಬೈಲು ನೀರಿಗೆ ಬಿದ್ದರಂತೂ ಕೇಳಬೇಡಿ. ಲೆಕ್ಕದ ಇನ್ನೊಂದು ಪ್ರತಿ ಬೇರೆಡೆ ಇಡದವರು ಹಳೇ ಕಿರ್ದಿಯನ್ನು ಸದ್ಯಕ್ಕೆ ಬಚ್ಚಲೊಲೆಗೆ ಹಾಕದಿರುವುದು ವಾಸಿ.