ಜೆರ್ಸಿ ಬಣ್ಣಕ್ಕೂ ಒಂದು ಜಗಳ ಬೇಕಾ?

ಕಾಲೇಜು ಟೀಮಿನ ಜೆರ್ಸಿ ಯಾವ ಬಣ್ಣದ್ದಿರಬೇಕು? ಇದೂ ಒಂದು ವಿಷಯಾನಾ ಅಂತ ನೀವು ರಿಮೋಟ್ ಕೈಗೆತ್ತಿಕೊಳ್ಳುವ ಮುಂಚೆ ಒಂದು ನಿಮಿಷ ಕೇಳಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವುದಾದರೂ ಕಾಲೇಜಿನ ಹಳೆಯ ಆಟಗಾರರನ್ನೂ ಈಗಿನ ಹುಡುಗರನ್ನೂ ಎದುರುಬದುರು ಕೂರಿಸಿ ಈ ಪ್ರಶ್ನೆ ಹಾಕಿ ನೋಡಿ. ಪ್ಯಾನೆಲ್ ಚರ್ಚೆಗೆ ನಮ್ಮ ಸ್ಟುಡಿಯೋನೇ ಬೇಕಾಗಿಲ್ಲ. "ನಮ್ಮ ಕಾಲದ ಮರೂನ್ ಎಲ್ಲಿ ಹೋಯ್ತು?" ಅಂತ ಒಬ್ಬರು ಗುಡುಗುತ್ತಾರೆ. "ಸಾರ್, ಅದನ್ನ ಹಾಕ್ಕೊಂಡ್ರೆ ಬ್ಯಾಂಡ್‌ಸೆಟ್‌ನವರ ಥರ ಕಾಣ್ತೀವಿ" ಅಂತ ಹುಡುಗ ನಗುತ್ತಾನೆ.

ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಈ ಜಗಳ ಇಪ್ಪತ್ತೈದು ವರ್ಷದ ಹಿಂದೆ ಯಾಕೆ ಇರಲಿಲ್ಲ? ಯಾಕಂದ್ರೆ ಆಗ ಆಯ್ಕೆಯೇ ಇರಲಿಲ್ಲ. ಇದಕ್ಕೆ ಒಂದು ಮೆಷಿನ್ ಕಾರಣ. ಎಂಜಿನಿಯರಿಂಗ್ ಓದಿ ಮೈಕ್ ಹಿಡಿದವನು ನಾನು, ಇಂಥ ಕಡೆ ವಿವರಣೆ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲೆಲ್ಲ ಏನಾಗ್ತಿತ್ತು? ಬಣ್ಣ ಹಾಕಿದ ಬಟ್ಟೆ ಅಂಗಡಿಯಲ್ಲಿ ಸಿಗುತ್ತಿತ್ತು, ಟೈಲರ್ ಹೊಲಿಯುತ್ತಿದ್ದರು, ನಂಬರು ಮತ್ತು ಕಾಲೇಜಿನ ಹೆಸರನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒತ್ತಿಸಬೇಕಿತ್ತು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಬಣ್ಣ ಹೆಚ್ಚಿದಷ್ಟೂ ಖರ್ಚು. ಹಾಗಾಗಿ ಒಮ್ಮೆ ಆರಿಸಿದ ಬಣ್ಣವೇ ವರ್ಷಾನುಗಟ್ಟಲೆ ನಡೆಯುತ್ತಿತ್ತು. ನಾವು ಇವತ್ತು 'ಸಂಪ್ರದಾಯ' ಅನ್ನುವುದರಲ್ಲಿ ಒಂದಷ್ಟು ಭಾಗ ನಿಜಕ್ಕೂ ಬಜೆಟ್ಟು!

ಈಗ ಬಂದಿರುವುದು ಸಬ್ಲಿಮೇಷನ್ ಪ್ರಿಂಟಿಂಗ್. ಕರ್ಪೂರ ಗೊತ್ತಲ್ಲ? ಬಿಸಿ ತಾಗಿದರೆ ಕರಗಿ ನೀರಾಗುವ ಮೊದಲೇ ನೇರವಾಗಿ ಆವಿಯಾಗುತ್ತೆ. ಈ ಪ್ರಿಂಟಿಂಗ್‌ನ ಶಾಯಿಯೂ ಅದೇ ಜಾತಿ. ಕಂಪ್ಯೂಟರಿನಲ್ಲಿ ಮಾಡಿದ ವಿನ್ಯಾಸವನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ದಾರದ ಎಳೆಯೊಳಗೇ ಹೋಗಿ ಕೂರುತ್ತೆ. ಸಿಪ್ಪೆ ಏಳಲ್ಲ, ಬಿರುಕು ಬಿಡಲ್ಲ. ಹತ್ತಿ ಬಟ್ಟೆಗೆ ಇದು ಹಿಡಿಯುವುದಿಲ್ಲ, ಕಡು ಬಣ್ಣದ ಬಟ್ಟೆಯ ಮೇಲೆ ಕಾಣುವುದೇ ಇಲ್ಲ. ಮುಖ್ಯವಾದ ಮಾತು ಏನಂದ್ರೆ, ಎರಡು ಬಣ್ಣವಿರಲಿ ಇಪ್ಪತ್ತು ಬಣ್ಣವಿರಲಿ, ಕೆಲಸ ಅಷ್ಟೇ. ಹುಲಿ, ಬೆಂಕಿ, ಮಿಂಚು, ಬೆನ್ನ ಮೇಲೆ ಹೆಸರು, ತೋಳಿನ ಮೇಲೆ ಪ್ರಾಯೋಜಕರು ಎಲ್ಲಾ ಒಂದೇ ಏಟಿಗೆ. ಪ್ರತಿ ವರ್ಷ ಹೊಸ ಟೀಮ್, ಪ್ರತಿ ವರ್ಷ ಹೊಸ ಬಣ್ಣ. ಕಾಲೇಜಿನ ಬಣ್ಣ ಯಾವುದು ಅಂತ ಕೇಳಿದರೆ ಪಿ.ಟಿ. ಮೇಷ್ಟ್ರೇ ತಲೆ ಕೆರೆದುಕೊಳ್ಳುವ ಪರಿಸ್ಥಿತಿ.

ಆಟದ ನಿಯಮ ಏನು ಹೇಳುತ್ತೆ? ಬಾಸ್ಕೆಟ್‌ಬಾಲ್‌ನಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಯಾದ ಫಿಬಾದ ನಿಯಮ ಸರಳವಾಗಿದೆ. ವೇಳಾಪಟ್ಟಿಯಲ್ಲಿ ಮೊದಲು ಹೆಸರಿರುವ ತಂಡಕ್ಕೆ ತಿಳಿ ಬಣ್ಣ, ಸಾಧ್ಯವಾದರೆ ಬಿಳಿ. ಎರಡನೇ ತಂಡಕ್ಕೆ ಕಡು ಬಣ್ಣ. ಎರಡೂ ತಂಡ ಒಪ್ಪಿದರೆ ಅದಲುಬದಲು ಮಾಡಿಕೊಳ್ಳಬಹುದು. ಅಂದರೆ ಒಂದು ತಂಡಕ್ಕೆ ಎರಡು ಸೆಟ್ ಬೇಕು, ನಂಬರಿನ ಬಣ್ಣ ಅಂಗಿಯ ಬಣ್ಣಕ್ಕೆ ಎದ್ದು ಕಾಣಬೇಕು. ಕೆಂಪಾ ನೀಲಿನಾ ಅಂತ ನಿಯಮ ತಲೆ ಕೆಡಿಸಿಕೊಳ್ಳಲ್ಲ, ತಿಳಿ ಯಾವುದು, ಕಡು ಯಾವುದು, ಅಷ್ಟೇ. ಇದರಲ್ಲಿ ಬುದ್ಧಿವಂತಿಕೆ ಇದೆ. ಹಳೆಯ ಬ್ಲ್ಯಾಕ್ ಅಂಡ್ ವೈಟ್ ಟಿ.ವಿ.ಯಲ್ಲಿ ಕೆಂಪು ಅಂಗಿ, ಹಸಿರು ಅಂಗಿ ಎರಡೂ ಒಂದೇ ಬೂದಿ ಬಣ್ಣ. ಕೆಂಪು-ಹಸಿರು ವ್ಯತ್ಯಾಸ ಗೊತ್ತಾಗದ ಕಣ್ಣಿನವರೂ ನಮ್ಮ ನಡುವೆ ಇದ್ದಾರೆ. ತಿಳಿ-ಕಡು ವ್ಯತ್ಯಾಸ ಮಾತ್ರ ಎಲ್ಲರಿಗೂ ಕಾಣುತ್ತೆ.

ನಮ್ಮ ಮಲೆನಾಡಿನಲ್ಲಿ ಬಾಸ್ಕೆಟ್‌ಬಾಲ್‌ಗಿಂತ ವಾಲಿಬಾಲ್ ಹುಚ್ಚು ಜಾಸ್ತಿ ಬಿಡಿ. ಅಲ್ಲಿನ ಲಿಬೆರೊ ಆಟಗಾರನನ್ನು ನೋಡಿ. ಇಡೀ ತಂಡ ಒಂದು ಬಣ್ಣ, ಆತ ಮಾತ್ರ ಬೇರೆ. ಫ್ಯಾಷನ್‌ಗೆ ಅಲ್ಲ. ಆತ ಸ್ಮ್ಯಾಶ್ ಮಾಡುವ ಹಾಗಿಲ್ಲ, ಸರ್ವೀಸ್ ತಡೆದು ಎತ್ತಿಕೊಡುವುದು, ಹಿಂದಿನ ಅಂಗಳ ಕಾಯುವುದು ಆತನ ಕೆಲಸ, ರೆಫ್ರಿಗೆ ಅದು ತಕ್ಷಣ ಗೊತ್ತಾಗಬೇಕು.

ಹೊಸತನ ಕೈಕೊಟ್ಟ ಕಥೆಯೂ ಇದೆ. 1996ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಸೌತಾಂಪ್ಟನ್ ಎದುರು ಬೂದು ಬಣ್ಣದ ಜೆರ್ಸಿ ಹಾಕಿ ಇಳಿಯಿತು. ಅರ್ಧ ಆಟ ಮುಗಿಯುವ ಹೊತ್ತಿಗೆ ಮೂರು ಗೋಲು ಹಿಂದೆ. ವಿರಾಮದಲ್ಲಿ ಇಡೀ ತಂಡ ಜೆರ್ಸಿ ಬದಲಿಸಿ ನೀಲಿ-ಬಿಳಿಯಲ್ಲಿ ಬಂತು. ಜನಸಂದಣಿಯ ಹಿನ್ನೆಲೆಯಲ್ಲಿ ಬೂದು ಬಣ್ಣ ಕರಗಿಹೋಗಿ ಸಂಗಡಿಗರೇ ಕಾಣುತ್ತಿರಲಿಲ್ಲ ಅನ್ನುವುದು ತಂಡದ ವಾದ. ಕೊನೆಗೆ ಸೋತದ್ದು 3-1ರಿಂದ. ಜಾಕೆಟ್ಟಿಗೆ ಚಂದ ಕಾಣುವ ಬಣ್ಣ ಅಂಗಳಕ್ಕೆ ಆಗಿಬರಲ್ಲ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾದ್ರೆ ಹಳೆಯದೇ ಸರಿನಾ? ಹಳೆಯದು ಹುಟ್ಟಿದ್ದು ಹೇಗೆ ಅಂತ ನೋಡಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಅಂದರೆ ಕಡುಗೆಂಪು. 1858ರಲ್ಲಿ ದೋಣಿ ಸ್ಪರ್ಧೆಯ ದಿನ, ಅಷ್ಟು ದೋಣಿಗಳ ನಡುವೆ ತಮ್ಮದು ಯಾವುದು ಅಂತ ದಡದಲ್ಲಿದ್ದವರಿಗೆ ಗೊತ್ತಾಗಲಿ ಅಂತ ಹುಡುಗರು ಕೆಂಪು ವಸ್ತ್ರ ಕಟ್ಟಿಕೊಂಡರು. ಅದು ಅಧಿಕೃತ ಬಣ್ಣ ಆದದ್ದು 1910ರಲ್ಲಿ. ಸಂಪ್ರದಾಯದ ತಳದಲ್ಲಿ ಯಾರೋ ನಾಲ್ಕು ಹುಡುಗರ ತಕ್ಷಣದ ಐಡಿಯಾ ಇತ್ತು, ಆಮೇಲೆ ಬಂದವರು ಅದನ್ನು ಬಿಡಲಿಲ್ಲ.

ನಮ್ಮ ಆರ್‌ಸಿಬಿಯನ್ನೇ ತಗೊಳ್ಳಿ. 2008ರಲ್ಲಿ ಕೆಂಪಿನ ಜೊತೆ ಚಿನ್ನದ ಬಣ್ಣ, ಆಮೇಲೆ ಕೆಂಪು-ಕಪ್ಪು, 2024ರಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂದಾಗ ಕೆಂಪಿನ ಜೊತೆ ಕಡುನೀಲಿ. ಪರಿಸರದ ಹೆಸರಲ್ಲಿ ಒಂದು ಪಂದ್ಯಕ್ಕೆ ಹಸಿರು ಜೆರ್ಸಿ ಹಾಕುವ ರೂಢಿಯೂ ಇದೆ. ಇಷ್ಟೆಲ್ಲ ಆದರೂ ಅಭಿಮಾನಿಗೆ ಗೊಂದಲ ಆಗಿಲ್ಲ, ಯಾಕಂದ್ರೆ ಕೆಂಪು ಕದಲಿಲ್ಲ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಭಾಗ. ಕರ್ನಾಟಕದ ಕಾಲೇಜು ಆವರಣದಲ್ಲಿ ಬಣ್ಣ ಅನ್ನೋದು ಈಗ ಬರೀ ಬಣ್ಣವಾಗಿ ಉಳಿದಿಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್, ಕೇಸರಿ ಶಾಲು, ನೀಲಿ ಶಾಲು ಅಂತ ಏನೇನಾಯ್ತು ಅಂತ ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಸರ್ಕಾರ ಮೂರು ದಿನ ಹೈಸ್ಕೂಲು, ಕಾಲೇಜು ಮುಚ್ಚಬೇಕಾಯಿತು. ಶಿವಮೊಗ್ಗದಲ್ಲಿ ನಿಷೇಧಾಜ್ಞೆಯೇ ಬಂತು. ಅದಕ್ಕೂ ಮೊದಲು, 2019ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಎದುರು ಭಾರತ ಕಿತ್ತಳೆ ಜೆರ್ಸಿ ಹಾಕಿದಾಗ ಕೇಸರೀಕರಣ ಅಂತ ರಾಜಕಾರಣಿಗಳು ಹೇಳಿಕೆ ಕೊಟ್ಟರು. ಕಾರಣ ಇದ್ದದ್ದು ಇಷ್ಟೇ: ಎರಡೂ ತಂಡದ್ದು ನೀಲಿ, ಆತಿಥೇಯರು ತಮ್ಮ ಬಣ್ಣ ಉಳಿಸಿಕೊಂಡರು.

ಹೀಗಿರುವಾಗ ಪ್ರತಿ ವರ್ಷ ಬಣ್ಣ ಬದಲಿಸುವ ಕಾಲೇಜು ಪ್ರತಿ ವರ್ಷ ಒಂದು ಹೊಸ ಅನುಮಾನಕ್ಕೆ ಬಾಗಿಲು ತೆಗೆಯುತ್ತೆ. "ಈ ಸಲ ಯಾಕೆ ಈ ಬಣ್ಣ? ಯಾರು ಹೇಳಿದ್ದು? ಸ್ಪಾನ್ಸರ್ ಯಾರು?" ಚುನಾವಣೆ ವರ್ಷವಾದರೆ ಕೇಳೋದೇ ಬೇಡ. ಹಳೆಯ ಬಣ್ಣಕ್ಕೆ ಈ ತಾಪತ್ರಯ ಇಲ್ಲ. ಅದು ಯಾವ ಪಕ್ಷಕ್ಕೂ ಸೇರಿದ್ದಲ್ಲ, ಕಾಲೇಜಿಗೆ ಸೇರಿದ್ದು. ಜಾತಿ, ಧರ್ಮ, ಊರು ಯಾವುದೇ ಇರಲಿ, ಹನ್ನೆರಡು ಹುಡುಗಿಯರು ಒಂದೇ ಬಣ್ಣದಲ್ಲಿ ಸಾಲಾಗಿ ನಿಂತಾಗ ಅದಕ್ಕೊಂದು ತೂಕ ಇದೆ. ನನ್ನ ಮಟ್ಟಿಗೆ ಸಂಪ್ರದಾಯದ ಪರ ಅತಿ ಗಟ್ಟಿಯಾದ ವಾದ ಇದೇ.

ಹಾಗಂತ ಹುಡುಗರ ಹೊಸತನವನ್ನು ಕಟ್ಟಿಹಾಕಬೇಕಾ? ಬೇಡ. ದಾರಿ ಸಾಗರ, ಹೊಸನಗರದ ಮನೆ ಗೋಡೆಗಳ ಮೇಲೇ ಇದೆ. ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ಲ? ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ. ಬಣ್ಣ ನಾಲ್ಕೇ. ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಪುಂಡಿ ನಾರಿನದು. ಗೆರೆ, ತ್ರಿಕೋನ, ಚೌಕ, ಭತ್ತದ ತೆನೆ. ಇಷ್ಟೇ ಸಾಮಗ್ರಿಯಲ್ಲಿ ಒಂದು ಮನೆಯ ಚಿತ್ತಾರ ಇನ್ನೊಂದು ಮನೆಯದರ ಹಾಗೆ ಇರುವುದಿಲ್ಲ. ಬಣ್ಣ ಊರಿನದು, ಕೈ ಬರೆದವಳದು.

ಜೆರ್ಸಿಗೂ ಹಾಗೇ ಮಾಡಬಹುದು. ಕಾಲೇಜಿನ ಎರಡು ಬಣ್ಣವನ್ನು ಆಡಳಿತ ಮಂಡಳಿ ಬರೆದಿಟ್ಟು ಬೀಗ ಹಾಕಲಿ. ಪಟ್ಟಿ, ಅಂಚು, ತೋಳಿನ ವಿನ್ಯಾಸ, ಲಿಬೆರೊ ಜೆರ್ಸಿ ಇವನ್ನೆಲ್ಲ ವರ್ಷವರ್ಷದ ತಂಡಕ್ಕೆ ಬಿಡಲಿ. ಮಿಂಚು, ಬೆಂಕಿ ಎಲ್ಲಾ ಊರಿನ ಟೀಮಿಗೂ ಸಿಗುತ್ತೆ. ಕೆಳದಿಯ ರಾಮೇಶ್ವರ ದೇವಸ್ಥಾನದ ಮಾಡಿನಲ್ಲಿ ಕೆತ್ತಿರುವ ಗಂಡಭೇರುಂಡ ಸಾಗರದ ಹುಡುಗರಿಗೆ ಕಣ್ಣಳತೆಯಲ್ಲಿದೆ, ನಗರದ ಕೋಟೆ ಹೊಸನಗರದವರಿಗೆ, ಕವಲೇದುರ್ಗ ತೀರ್ಥಹಳ್ಳಿಯವರಿಗೆ.

ಚಿತ್ತಾರ ಹಾಕುವುದಾದರೆ ಮಾತ್ರ ಒಂದು ಕೆಲಸ ಮಾಡಿ. ಇಂಟರ್ನೆಟ್‌ನಿಂದ ಚಿತ್ರ ಇಳಿಸಿ ಪ್ರಿಂಟಿಂಗ್ ಅಂಗಡಿಗೆ ಕಳಿಸಬೇಡಿ. ಅದನ್ನು ಬರೆಯುವ ಅಕ್ಕಂದಿರು ಪಕ್ಕದ ಹಳ್ಳಿಯಲ್ಲೇ ಇದ್ದಾರೆ. ಹೋಗಿ ಕೇಳಿ, ಒಪ್ಪಿದರೆ ಬರೆಸಿ, ದುಡ್ಡು ಕೊಡಿ, ಅವರ ಹೆಸರನ್ನು ಜೆರ್ಸಿಯ ಒಳಪಟ್ಟಿಯ ಮೇಲಾದರೂ ಮುದ್ರಿಸಿ. ಸ್ಪಾನ್ಸರ್‌ಗೆ ಎದೆಯ ಮೇಲೆ ಜಾಗ ಇದೆ ಅಂದ ಮೇಲೆ ಇದಕ್ಕೆ ಒಂದು ಇಂಚು ಸಿಗದೇ ಹೋಗಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಎಷ್ಟೋ ಕಡೆ ಜೆರ್ಸಿಗೆ ಮಕ್ಕಳೇ ಕೈಯಿಂದ ಹಾಕುತ್ತಾರೆ. ಬಣ್ಣ ಸ್ಥಿರವಾಗಿದ್ದರೆ ಸೀನಿಯರ್ ಬಿಟ್ಟುಹೋದ ಜೆರ್ಸಿ ಜೂನಿಯರ್‌ಗೆ ಆಗುತ್ತೆ. ಕೂಲಿ ಮಾಡುವ ಮನೆಯ ಹುಡುಗಿಗೆ ಅದು ಆಡುವುದಕ್ಕೂ ಆಡದೇ ಇರುವುದಕ್ಕೂ ನಡುವಿನ ವ್ಯತ್ಯಾಸ. ಅದಕ್ಕೇ ಬೆನ್ನ ಮೇಲೆ ಹೆಸರು ಬೇಡ, ನಂಬರು ಸಾಕು ಅನ್ನೋದು ನನ್ನ ಅಭಿಪ್ರಾಯ. ಹೆಸರು ಬಂದರೆ ಆ ಜೆರ್ಸಿ ಒಬ್ಬರಿಗೇ ಮುಗಿಯಿತು.

ತಿಳಿ ಬಣ್ಣದ ಸೆಟ್ ಆರಿಸುವಾಗ ಅಪ್ಪಟ ಬಿಳಿಗೆ ಹೋಗುವ ಮುಂಚೆ ನಿಮ್ಮ ಅಂಗಳ ನೋಡಿಕೊಳ್ಳಿ. ನಿಯಮ ಕೇಳುವುದು ತಿಳಿ ಬಣ್ಣ, ಬಿಳಿಯೇ ಆಗಬೇಕೆಂಬ ಹಠ ಅದಕ್ಕಿಲ್ಲ. ಆಗುಂಬೆ ಸೀಮೆಯ ಮಳೆ ಬಿಟ್ಟ ಮೇಲೆ ಕೆಮ್ಮಣ್ಣಿನ ಅಂಗಳದಲ್ಲಿ ಒಮ್ಮೆ ಡೈವ್ ಹೊಡೆದ ಬಿಳಿ ಜೆರ್ಸಿಯನ್ನು ಯಾವ ಸೋಪೂ ಮತ್ತೆ ಬಿಳಿ ಮಾಡಲ್ಲ. ತಿಳಿ ಹಳದಿಯೋ ತಿಳಿ ಕೆನೆ ಬಣ್ಣವೋ ಆದರೆ ಮೂರು ಸೀಸನ್ ಬಾಳುತ್ತೆ, ಒಗೆಯುವ ಅಮ್ಮಂದಿರ ಬೈಗುಳವೂ ಸ್ವಲ್ಪ ಕಡಿಮೆ.